ಖಾಲಿ ಮಷೀನಿಗೆ ಕೂರುತ್ತಿದ್ದ ಅಕ್ಕ

ಆಗಲ್ಲ ಎಂಬ ಮಾತನ್ನು ನನ್ನ ಮುಖಕ್ಕೇ ಹೇಳಿದವರು ಇಬ್ಬರು. ಮೊದಲನೆಯವರು ಬಿಳಿಚೋಡಿನ ನಮ್ಮ ದೊಡ್ಡಪ್ಪ. "ನಮ್ಮ ಮನೆತನದಾಗೆ ಪಿಯುಸಿ ದಾಟಿದವರು ಯಾರದಾರೆ? ಮದುವಿಯಾಗಿ, ಕಂಕುಳಾಗೆ ಕೂಸು ಇಟ್ಕೊಂಡು ಇವಳು ಬಿ.ಎ. ಮಾಡ್ತಾಳಂತೆ. ಆಗಾ ಮಾತಿದ್ರೆ ಹೇಳ್ರಿ" ಎಂದಿದ್ದರು. ಎರಡನೆಯವರು ನಾನು ಕೆಲಸ ಮಾಡುವ ಗಾರ್ಮೆಂಟ್ಸ್‌ನ ಪ್ರೊಡಕ್ಷನ್ ಮ್ಯಾನೇಜರ್. "ಹೊಲಿಯೋ ಹೆಂಗಸು ಲೈನಿನ ಮಧ್ಯೆ ಎದ್ದು ಮನೆಗೆ ಹೋಗಿ, ಎರಡು ತಾಸು ಬಿಟ್ಟು ಬಂದು ಕೂರೋದು ಯಾವ ಕಾಲಕ್ಕೂ ಆಗಲ್ಲಮ್ಮ" ಎಂದಿದ್ದರು.

ಎರಡೂ ಆಯಿತು. ನಾನು ಬಿ.ಎ. ಮುಗಿಸಿದೆ. ನಮ್ಮ ಹೆಂಗಸರು ಮನೆಗೆ ಹೋಗಿ ಬಂದು ಕೂರುತ್ತಲೂ ಇದ್ದಾರೆ. ಎರಡನ್ನೂ ಆಗುವಂತೆ ಮಾಡಿದ್ದು ಒಬ್ಬಳೇ ಹೆಂಗಸು. ಕೊನೆಗೆ ಅವಳಿಗೆ ಬೇಕಾದದ್ದೂ ಅದೇ ಎರಡು ತಾಸು. ಅದೊಂದು ಮಾತ್ರ ಆಗಲಿಲ್ಲ. ಈಚೆಗೆ ಅವಳು ಕೆಲಸ ಬಿಟ್ಟಳು.

ಅವಳ ಹೆಸರು ಬರೆಯುವುದಿಲ್ಲ. ಬರೆದರೆ ಅವಳಿಗೆ ಹಿಡಿಸುವುದಿಲ್ಲ ಎಂದು ಗೊತ್ತು. ಇಡೀ ಲೈನು ಅವಳನ್ನು ಅಕ್ಕ ಎನ್ನುತ್ತಿತ್ತು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ.

ನಮ್ಮ ಗಾರ್ಮೆಂಟ್ಸ್ ಇರುವುದು ಕತ್ತಲಗೆರೆಯ ಆಚೆ, ಬಸವಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ. ದೊಡ್ಡದೇನಲ್ಲ, ಎರಡು ಲೈನು. ಹೊರಗಿನವರಿಗೆ ಲೈನ್ ಎಂದರೆ ತಿಳಿಯಲಿಕ್ಕಿಲ್ಲ. ಶರ್ಟು ಒಬ್ಬರ ಕೈಯಲ್ಲಿ ಆಗುವುದಲ್ಲ. ಒಬ್ಬಳು ಕಾಲರ್ ಹೊಲಿಯುತ್ತಾಳೆ, ಪಕ್ಕದವಳು ಅದನ್ನು ಮೈಗೆ ಕೂಡಿಸುತ್ತಾಳೆ, ಮತ್ತೊಬ್ಬಳು ತೋಳು, ಅವಳ ಮುಂದಿನವಳು ಕಫ್, ಅಂದರೆ ತೋಳಿನ ತುದಿಯ ಪಟ್ಟಿ. ಬಟ್ಟೆಯ ಕಟ್ಟು ಹೀಗೆ ಕೈಯಿಂದ ಕೈಗೆ ಸರಿಯುತ್ತಾ ಹೋಗಬೇಕು. ನಡುವೆ ಒಂದು ಮಷೀನು ಖಾಲಿ ಬಿತ್ತೆಂದರೆ ಅದರ ಹಿಂದೆ ಕಟ್ಟುಗಳು ಗುಡ್ಡೆ ಬೀಳುತ್ತವೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ. ಅದಕ್ಕೇ ಎಲ್ಲ ಮಷೀನಿನ ಕೆಲಸವೂ ಗೊತ್ತಿರುವ ಒಬ್ಬಳನ್ನು ಇಟ್ಟುಕೊಂಡಿರುತ್ತಾರೆ. ಫ್ಲೋಟರ್ ಅಂತಾರೆ. ಅವಳಿಗೆ ತನ್ನದೆಂಬ ಮಷೀನಿಲ್ಲ. ಯಾರು ಬಂದಿಲ್ಲವೋ ಅವರ ಜಾಗಕ್ಕೆ ಹೋಗಿ ಕೂರುವುದೇ ಅವಳ ಕೆಲಸ. ನಮ್ಮಲ್ಲಿ ಎರಡೂ ಲೈನಿಗೆ ಸೇರಿ ಇದ್ದವಳು ಅಕ್ಕ ಒಬ್ಬಳೇ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಸವಾಪಟ್ಟಣದಲ್ಲಿ ಅವಳೂ ಅವಳ ಅತ್ತೆಯೂ ಇಬ್ಬರೇ. ಅತ್ತೆಗೆ ಮಂಡಿ ಹೋಗಿತ್ತು, ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟು ಮಾತ್ರ. ನಾಲಿಗೆ ಗಟ್ಟಿಯಿತ್ತು. "ನಮ್ಮತ್ತೆಗೆ ಕಾಲಿನ ಶಕ್ತಿನೆಲ್ಲಾ ಬಾಯಿಗೆ ಬಂದೈತೆ" ಎಂದು ಅಕ್ಕ ನಗುತ್ತಿದ್ದಳು. ಹೊಸದಾಗಿ ಸೇರಿದ ಹುಡುಗಿಯರು "ಅಕ್ಕ, ನಿಂದು ಯಾವ ಮಷೀನು?" ಎಂದು ಕೇಳಿದರೆ, "ನನ್ನ ಮಷೀನು ಮನೆಯಾಗೈತೆ. ಸಂಜೀಕೆ ಹೋಗಿ ಕೂರ್ತೀನಿ. ಅದು ಹೊಲಿಯಲ್ಲ, ಬೈತತೆ" ಅನ್ನುವಳು.

ಖಾಲಿ ಮಷೀನಿಗೆ ಅವಳು ಕೂರುವ ರೀತಿ ನೋಡಬೇಕಿತ್ತು. ಮೊದಲು ಸ್ಟೂಲು ಎಷ್ಟು ಎತ್ತರಕ್ಕಿದೆ ಎಂದು ಗೇಣು ಹಾಕಿ ಅಳೆಯುತ್ತಿದ್ದಳು. ಆಮೇಲೆ ತನ್ನ ಎತ್ತರಕ್ಕೆ ಇಳಿಸಿಕೊಳ್ಳುವಳು. ಮಷೀನಿನ ಕತ್ತಿಗೆ ಒಂದು ಕೆಂಪು ದಾರ ಕಟ್ಟುವಳು. ಈ ಜಾಗ ಇನ್ನೊಬ್ಬರದು, ನಾನು ಸುಮ್ಮನೆ ಕೂತಿದ್ದೇನೆ ಎಂಬ ಗುರುತು ಅದು. ಆ ಜಾಗದವಳು ಬಂದಳೆಂದರೆ ದಾರ ಬಿಚ್ಚಿ, ಅಳೆದ ಗೇಣಿಗೆ ಸರಿಯಾಗಿ ಸ್ಟೂಲನ್ನು ಮತ್ತೆ ಏರಿಸಿ ಎದ್ದೇಳುವಳು. ತನ್ನ ನೀರಿನ ಬಾಟಲಿಯನ್ನು ಯಾರ ಟೇಬಲ್ಲಿನ ಮೇಲೂ ಇಟ್ಟವಳಲ್ಲ, ಕಾಲ ಬಳಿ ಇಟ್ಟುಕೊಳ್ಳುತ್ತಿದ್ದಳು. ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಬಂದವಳಿಗೆ ತನ್ನ ಜಾಗ ತನ್ನದೇ ಅನ್ನಿಸ್ಬೇಕು ತಂಗಿ. ಯಾರೋ ಕುಂತಿದ್ರು ಅನ್ನಿಸ್ಬಾರ್ದು" ಎಂದಳು.

ಹೊಲಿಗೆಯಲ್ಲೂ ಹಾಗೇ. ಪ್ರತಿಯೊಬ್ಬರಿಗೂ ಒಂದು ಕೈ ಇರುತ್ತದೆ. ಒಬ್ಬಳದು ಕಾಲರ್ ಮೂಲೆಯಲ್ಲಿ ಸ್ವಲ್ಪ ಬಿಗಿ, ಇನ್ನೊಬ್ಬಳದು ಸಡಿಲ. ಅಕ್ಕ ಯಾರ ಮಷೀನಿಗೆ ಕೂತರೆ ಅವರ ಕೈಯಂತೆಯೇ ಹೊಲಿಯುತ್ತಿದ್ದಳು. ಚೆಕಿಂಗ್ ಟೇಬಲ್ಲಿನವರಿಗೂ ಯಾರು ಹೊಲಿದದ್ದು ಎಂದು ಗೊತ್ತಾಗುತ್ತಿರಲಿಲ್ಲ. ಅವಳ ಸ್ವಂತ ಕೈ ಯಾವುದು ಎಂದು ಇವತ್ತಿಗೂ ನನಗೆ ತಿಳಿಯದು.

ನನ್ನ ವಿಷಯಕ್ಕೆ ಬರುತ್ತೇನೆ. ಜಗಳೂರಿನಲ್ಲಿ ಪಿಯುಸಿ ಮುಗಿಸಿದ ಬೇಸಿಗೆಯಲ್ಲೇ ನನ್ನನ್ನು ಕತ್ತಲಗೆರೆಗೆ ಮದುವೆ ಮಾಡಿಕೊಟ್ಟರು. ಮಗು ಆಯಿತು. ಲೈನಿನಲ್ಲಿ ತೋಳು ಕೂಡಿಸುವ ಕೆಲಸಕ್ಕೆ ಸೇರಿದೆ. ಅಂಚೆಯಲ್ಲಿ ಪಾಠ ತರಿಸಿಕೊಂಡು ಬಿ.ಎ.ಗೆ ಕಟ್ಟಿದೆ. ಓದುವುದು ಹೇಗೋ ಆಗುತ್ತಿತ್ತು. ಪರೀಕ್ಷೆಯದೇ ಕಷ್ಟ. ಪರೀಕ್ಷೆ ದಾವಣಗೆರೆಯಲ್ಲಿ, ಒಂದು ದಿನ ಬಿಟ್ಟು ಒಂದು ದಿನ. ಆಗ ನಮ್ಮಲ್ಲಿ ಅಷ್ಟು ರಜೆ ಕೊಡುವ ಪದ್ಧತಿಯೇ ಇರಲಿಲ್ಲ. ನಾಲ್ಕು ದಿನ ಬರಲಿಲ್ಲವೆಂದರೆ ಆ ಮಷೀನಿಗೆ ಬೇರೆಯವರು.

ಅಕ್ಕ ನನ್ನ ಸ್ಟೂಲಿನ ಪಕ್ಕ ಬಂದು ನಿಂತು, "ಟೈಮ್‌ಟೇಬಲ್ ಕೊಡು" ಎಂದಳು. ಕೊಟ್ಟೆ. ಓದಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು. ಬೆರಳಿಟ್ಟು ಒಂದೊಂದೇ ತಾರೀಖು ಓದಿ, "ಈ ದಿನ ಎಲ್ಲಾ ನಿನ್ನ ತೋಳು ನಾ ಹೊಲೀತೀನಿ. ಸೂಪರ್‌ವೈಸರ್ ಕೇಳಿದ್ರೆ ಬಚ್ಚಲಿಗೆ ಹೋಗ್ಯಾಳೆ ಅಂತೀನಿ" ಎಂದಳು.

"ಇಡೀ ದಿನ ಬಚ್ಚಲಿಗೆ ಹೋದ್ರೆ ನಂಬ್ತಾರಾ ಅಕ್ಕ?"

"ತೋಳು ಬರ್ತಿದ್ರೆ ಯಾರೂ ಕೇಳಲ್ಲ. ಅವರಿಗೆ ಬೇಕಾಗಿರಾದು ತೋಳು, ನೀನಲ್ಲ."

ಅವಳು ಹೇಳಿದಂತೆಯೇ ಆಯಿತು. ಮೂರು ವರ್ಷವೂ ಹೀಗೇ ನಡೆಯಿತು. ಅಂಕಪಟ್ಟಿಯಲ್ಲಿ ನನ್ನ ಹೆಸರಿದೆ, ಸರಿ. ಆದರೆ ಆ ದಿನಗಳಲ್ಲಿ ನನ್ನ ಸ್ಟೂಲಿನ ಮೇಲೆ ಯಾರು ಕೂತಿದ್ದರು ಎಂದು ಅದರಲ್ಲಿಲ್ಲ. ಪದವಿ ಬಂದಾಗ ದೊಡ್ಡಪ್ಪ, "ಪರವಾಗಿಲ್ಲ, ಇನ್ನು ಇವಳು ಕುರ್ಚಿ ಮ್ಯಾಲೆ ಕೂರ್ತಾಳೆ" ಎಂದರು. ಕೂತೆ. ಮ್ಯಾನೇಜರ್ ನನ್ನನ್ನು ಲೈನಿನಿಂದ ಎಬ್ಬಿಸಿ ಆಫೀಸಿಗೆ ಹಾಕಿದರು. ಕಾರ್ಮಿಕರ ಹಾಜರಿ, ರಜೆ, ದೂರು ನೋಡುವ ಕೆಲಸ. ಹಿಂದಕ್ಕೆ ಒರಗುವ ಕುರ್ಚಿ. ನಮ್ಮಪ್ಪ ಬಿಳಿಚೋಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಾಡಿದ. ನಾಚಿಕೆಯಿಲ್ಲದೆ ಬರೆಯುತ್ತೇನೆ, ನನಗೂ ಹೆಮ್ಮೆಯಿತ್ತು. ಈಗಲೂ ಇದೆ.

ಆಫೀಸಿಗೆ ಬಂದ ಮೊದಲ ವರ್ಷವೇ ಒಂದು ಕಾಗದ ಬಂತು. ನಮ್ಮಿಂದ ಬಟ್ಟೆ ಕೊಳ್ಳುವ ಕಂಪನಿಯವರದು. ಮನೆಯಲ್ಲಿ ಕೂಸು, ಕಾಯಿಲೆಯವರು, ವಯಸ್ಸಾದವರು ಇರುವ ಕಾರ್ಮಿಕರಿಗೆ ಅನುಕೂಲವಾಗುವಂಥ ಒಂದು ವ್ಯವಸ್ಥೆ ಮಾಡಿ, ಅದರ ಖರ್ಚು ಏನು, ಲಾಭ ಏನು ಎಂದು ವರದಿ ಕಳಿಸಿ ಎಂದು ಕೇಳಿದ್ದರು. ನಾನು ಎರಡು ವಿಷಯ ಬರೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ದಾರದ ಪೆಟ್ಟಿಗೆ ಇಡುವ ಕೋಣೆಯನ್ನು ಕೂಸುಗಳ ಕೋಣೆ ಮಾಡುವುದು ಒಂದು. ಮನೆಯಲ್ಲಿ ಆರೈಕೆಯ ಹೊಣೆ ಇರುವವರು ಹಗಲಿನಲ್ಲಿ ಎರಡು ತಾಸು ಹೋಗಿ ಬರಬಹುದು ಎಂಬುದು ಇನ್ನೊಂದು. ಕೂಸಿನ ಕೋಣೆಗೆ ಅವರು ಒಪ್ಪಿದರು. ಎರಡು ತಾಸಿನ ಮಾತಿಗೆ, ಮೊದಲೇ ಬರೆದೆನಲ್ಲ, ಯಾವ ಕಾಲಕ್ಕೂ ಆಗಲ್ಲ ಎಂದರು.

ಅವರು ಕೆಟ್ಟವರಲ್ಲ. ಲೈನು ನಿಂತರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು. ನಾನು ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಮಾಡಿದೆ. ಅರ್ಜಿಯ ನಮೂನೆಯಲ್ಲಿ ಕೊನೆಗೆ ಒಂದು ಅಂಕಣ ಸೇರಿಸಿದೆ. "ಬದಲಿಗೆ ಕೂರುವವರ ಸಹಿ." ಆ ಸಹಿ ಇದ್ದರೆ ಮಾತ್ರ ಎರಡು ತಾಸು. ಮ್ಯಾನೇಜರ್ ಅದನ್ನು ಎರಡು ಸಲ ಓದಿ, "ಇದು ಓದಿದವರ ತಲೆ" ಎಂದು ಒಪ್ಪಿದರು. ಆ ಮಾತು ಕೇಳಿ ನಾನು ಅರ್ಧ ಅಡಿ ಎತ್ತರವಾದೆ.

ಬಂದ ಅರ್ಜಿಗಳೆಲ್ಲದರಲ್ಲೂ ಆ ಅಂಕಣದಲ್ಲಿ ಇದ್ದದ್ದು ಒಂದೇ ಸಹಿ. ಇನ್ಯಾರು ಕೂರಬಲ್ಲರು? ದಪ್ಪ ಅಕ್ಷರ, ಕೊನೆಯ ಅಕ್ಷರದ ಬಾಲ ಅಂಕಣದ ಗೆರೆ ದಾಟಿ ಹೋಗಿರುತ್ತಿತ್ತು. ಮೊದಲ ವಾರ ಅಕ್ಕ ಸಹಿ ಮಾಡಲು ಹೆದರುತ್ತಿದ್ದಳು, ಪೆನ್ನನ್ನು ಸೂಜಿಯಂತೆ ಹಿಡಿಯುತ್ತಿದ್ದಳು. ತಿಂಗಳು ಕಳೆಯುವುದರಲ್ಲಿ ನಿಂತಲ್ಲೇ, ಯಾರದೋ ಬೆನ್ನಿನ ಮೇಲೆ ಕಾಗದ ಇಟ್ಟು ಗೀಚಿ ಕೊಡುವಳು. "ನಮ್ಮೂರ ಗೌಡರಿಗಿಂತ ಜಾಸ್ತಿ ಸಹಿ ಹಾಕೀನಿ ನೋಡು" ಎಂದು ನಗುವಳು.

ಒಳ್ಳೆಯದಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಂಡನನ್ನು ಡಯಾಲಿಸಿಸ್‌ಗೆ ಚನ್ನಗಿರಿಯ ಆಸ್ಪತ್ರೆಯಲ್ಲಿ ಬಿಟ್ಟು ಬರಬೇಕಿದ್ದವಳು ಕೆಲಸ ಬಿಡಬೇಕೆಂದಿದ್ದಳು, ಉಳಿದಳು. ಹೆರಿಗೆಯಾದವರು ಮೂರು ತಿಂಗಳಿಗೇ ಹಿಂದಿರುಗಿ, ಕೂಸನ್ನು ಕೋಣೆಯಲ್ಲಿ ಬಿಟ್ಟು, ಹಾಲು ಕೊಡಲು ಎದ್ದು ಹೋಗಿ ಬಂದು ಕೂರುತ್ತಿದ್ದರು. ಹೇಳದೆ ಕೇಳದೆ ಮನೆಯಲ್ಲಿ ಉಳಿಯುವವರು ಕಡಿಮೆಯಾದರು. ಸೂಪರ್‌ವೈಸರ್‌ಗಳ ಕೂಗಾಟವೂ ಇಳಿಯಿತು. ಅದನ್ನೆಲ್ಲ ವರದಿಯಲ್ಲಿ ಲಾಭದ ಕಡೆ ಬರೆದೆ, ಒಂದೂವರೆ ಪುಟ ತುಂಬಿತು. ಖರ್ಚಿನ ಕಡೆ ಕೂಸುಗಳನ್ನು ನೋಡಿಕೊಳ್ಳುವ ಆಯಾ, ತೊಟ್ಟಿಲು, ಚಾಪೆ, ಹಾಲಿನ ಪುಡಿ, ಅರ್ಜಿಯ ಕಾಗದ. ಕೆಳಗೆ ಒಂದು ಸಾಲು ಸೇರಿಸಿದೆ: "ಇದಕ್ಕಾಗಿ ಲೈನಿಗೆ ಹೆಚ್ಚುವರಿ ಆಳಿನ ಅಗತ್ಯ ಬಿದ್ದಿಲ್ಲ." ಆ ಸಾಲಿನ ಮೇಲೆ ನನಗೆ ವಿಶೇಷ ಹೆಮ್ಮೆಯಿತ್ತು.

ಅಕ್ಕ ಆಗ ಬಚ್ಚಲಿಗೆ ಹೋಗುವುದನ್ನೂ ಹೊಂದಿಸಿಕೊಂಡು ಹೋಗುತ್ತಿದ್ದಳು. ಒಂದು ಮಷೀನಿನ ಕೆಂಪು ದಾರ ಬಿಚ್ಚಿ ಅಲ್ಲಿಂದಲೇ ಇನ್ನೊಂದಕ್ಕೆ ಕಟ್ಟುತ್ತಿದ್ದಳು. ಊಟದ ಡಬ್ಬಿ ಎಷ್ಟೋ ದಿನ ತೆರೆಯದೆ ಹಿಂದೆ ಹೋಗುತ್ತಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಯಾವ ಅಂಕಣಕ್ಕೆ ಸೇರಿಸಬೇಕು ಎಂದು ಹೊಳೆದಿರಲಿಲ್ಲ.

ಅಷ್ಟು ವರ್ಷ ಅವಳು ಇಡೀ ದಿನ ಲೈನಿನಲ್ಲಿರಲು ಸಾಧ್ಯವಾಗಿದ್ದಕ್ಕೆ ಒಂದು ಕಾರಣವಿತ್ತು. ಪಕ್ಕದ ಮನೆಯ ಹುಡುಗಿ. ಆ ಮನೆಗೆ ಸೊಸೆಯಾಗಿ ಬಂದವಳು. ಮಧ್ಯಾಹ್ನ ಬಂದು ಅಕ್ಕನ ಅತ್ತೆಗೆ ಊಟ ಬಡಿಸಿ, ಬಚ್ಚಲಿಗೆ ಕೈಹಿಡಿದು ಕರೆದುಕೊಂಡು ಹೋಗಿ ಬಂದು ಮಲಗಿಸುತ್ತಿದ್ದಳು. ಆ ಹುಡುಗಿಗೆ ಹೆರಿಗೆಯಾಯಿತು. ನಮ್ಮಲ್ಲಿ ಕೂಸಿನ ಕೋಣೆ ಇದೆ ಎಂದು ಗೊತ್ತಾಯಿತು. ಒಂದು ಸೋಮವಾರ ಕೂಸನ್ನು ಎತ್ತಿಕೊಂಡು ಕೆಲಸ ಕೇಳಿಕೊಂಡು ಬಂದಳು. ನಾನೇ ಸೇರಿಸಿಕೊಂಡೆ. ಅಕ್ಕನೇ ಅವಳಿಗೆ ಕಾಲರ್ ಕೂಡಿಸುವುದು ಕಲಿಸಿದಳು. ಅವಳು ಹಾಲು ಕೊಡಲು ಎದ್ದಾಗ ಅವಳ ಮಷೀನಿಗೂ ಅಕ್ಕನೇ ಕೆಂಪು ದಾರ ಕಟ್ಟಿದಳು.

"ಅಕ್ಕ, ಈಗ ಮಧ್ಯಾಹ್ನ ಅತ್ತೆನ ಯಾರು ನೋಡ್ತಾರೆ?" ಎಂದು ಕೇಳಿದೆ.

"ದೇವರು ನೋಡ್ತಾನೆ. ಅವನಿಗೂ ಎರಡು ತಾಸು ಕೊಟ್ಟೀರೇನು?"

ನಕ್ಕೆವು. ವಾರ ಕಳೆಯಿತು. ಅಕ್ಕನೂ ಅರ್ಜಿ ತುಂಬಿಕೊಂಡು ಬಂದಳು. ಹನ್ನೊಂದೂವರೆಯಿಂದ ಒಂದೂವರೆ. ಬಸ್ಸಿನಲ್ಲಿ ಹೋಗಿ, ಅತ್ತೆಗೆ ಉಣ್ಣಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಿ ಬರಲು ಅಷ್ಟು ಸಾಕು ಎಂದಳು. ಹೆಸರು, ಊರು, ಯಾರ ಆರೈಕೆ, ಏನು ಕಾಯಿಲೆ ಎಲ್ಲ ದಪ್ಪ ಅಕ್ಷರದಲ್ಲಿ ತುಂಬಿದ್ದಳು. ಕೊನೆಯ ಅಂಕಣ ಖಾಲಿ.

"ಇಲ್ಲಿ ಯಾರ ಸಹಿ ಹಾಕಿಸ್ಲಿ?" ಎಂದು ಕೇಳಿದಳು.

ನಾನು ಆ ಕಾಗದವನ್ನೇ ನೋಡುತ್ತಾ ಕೂತೆ. ನಾನೇ ಗೆರೆ ಹೊಡೆದು ಮಾಡಿದ ಅಂಕಣ. ಕಾಲರ್‌ನವಳಿಗೆ ಕಾಲರ್ ಗೊತ್ತು, ಕಫ್‌ನವಳಿಗೆ ಕಫ್ ಗೊತ್ತು. ಎಲ್ಲ ಗೊತ್ತಿದ್ದವಳು ಅವಳೊಬ್ಬಳೇ, ಅವಳು ಎದುರಿಗೆ ನಿಂತು ಕೇಳುತ್ತಿದ್ದಳು.

ಮ್ಯಾನೇಜರ್ ಹತ್ತಿರ ಇಬ್ಬರೂ ಹೋದೆವು. ಅವರು ಅರ್ಜಿ ತಿರುಗಿಸಿ ತಿರುಗಿಸಿ ನೋಡಿದರು. "ಇವರು ಎದ್ದರೆ ಇವರ ಜಾಗ ಒಂದೇ ಖಾಲಿ ಬೀಳಲ್ಲಮ್ಮ. ಆ ಹೊತ್ತಿಗೆ ಹೊರಗೆ ಹೋಗಿರೋ ಎಲ್ಲರದೂ ಬೀಳುತ್ತೆ" ಎಂದರು.

"ಇನ್ನೊಬ್ಬರು ಫ್ಲೋಟರ್ ತಗೊಳ್ಳೋಣ ಸಾರ್" ಎಂದೆ.

ಅವರು ಡ್ರಾಯರ್ ಎಳೆದು ನನ್ನ ವರದಿ ತೆಗೆದರು. "ಮೇಲಿನವರು ಇದನ್ನ ಓದಿದ್ದಾರೆ. ಹೆಚ್ಚುವರಿ ಆಳು ಬೇಕಿಲ್ಲ ಅಂತ ಬರೆದವರು ನೀವೇ. ಈಗ ಬೇಕು ಅಂತ ನಾನು ಯಾವ ಬಾಯಲ್ಲಿ ಕೇಳ್ಲಿ?" ವ್ಯಂಗ್ಯವಾಗಿ ಹೇಳಲಿಲ್ಲ, ನಿಜಕ್ಕೂ ಕೇಳಿದರು. ಅದೇ ಹೆಚ್ಚು ನೋಯಿಸಿತು.

ಅಕ್ಕ ಅರ್ಜಿಯನ್ನು ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡಳು. "ಕಲಿಸ್ತೀನಿ ಬಿಡ್ರಿ ಸಾರ್. ಇನ್ನಿಬ್ಬರಿಗೆ ಎಲ್ಲಾ ಕೆಲಸ ಕಲಿಸ್ತೀನಿ. ಆಮೇಲೆ ಸಹಿ ಹಾಕ್ಸಿ ತರ್ತೀನಿ" ಎಂದಳು.

ಕಲಿಸಿದಳು. ಊಟದ ಬಿಡುವಿನಲ್ಲಿ, ಸಂಜೆ ಗೇಟು ಹಾಕುವವರೆಗೆ. ಒಬ್ಬಳು ಚುರುಕಿನ ಹುಡುಗಿ, ಆರು ತಿಂಗಳಿಗೆ ಎಲ್ಲ ಮಷೀನಿಗೂ ಕೂರುವಷ್ಟಾದಳು. ಅದೇ ಹೊತ್ತಿಗೆ ಹೊನ್ನಾಳಿಯಲ್ಲಿ ನಮ್ಮ ಗಾರ್ಮೆಂಟ್ಸ್‌ನವರದೇ ಇನ್ನೊಂದು ಯೂನಿಟ್ ಶುರುವಾಯಿತು. ಎಲ್ಲ ಕೆಲಸ ಬಲ್ಲವಳು ಬೇಕೆಂದು ಅವಳನ್ನು ಅಲ್ಲಿಗೆ ಕರೆದುಕೊಂಡರು. ಎರಡನೆಯವಳು ಇನ್ನೇನು ಕಲಿತಳು ಎನ್ನುವಾಗ ಮದುವೆ ಗೊತ್ತಾಗಿ ನ್ಯಾಮತಿಗೆ ಹೊರಟಳು. ಹೊರಡುವ ದಿನ ಅಕ್ಕನ ಕಾಲಿಗೆ ಬಿದ್ದಳು. ಅಕ್ಕ ಅವಳ ತಲೆ ಸವರಿ, "ಚಂದ ಇರು. ಅಲ್ಲಿ ಯಾರಿಗೂ ಎಲ್ಲಾ ಕೆಲಸ ಬರ್ತತೆ ಅಂತ ಹೇಳಬ್ಯಾಡ" ಎಂದಳು. ಸುತ್ತ ನಿಂತವರು ನಕ್ಕರು. ಅಕ್ಕ ನಗಲಿಲ್ಲ.

ಈಗ ಬರೆಯಬೇಕಾದ್ದು ನನ್ನ ವಿಷಯ. ಬಿಟ್ಟುಬಿಡಬಹುದಿತ್ತು, ಬಿಟ್ಟರೆ ಇದನ್ನು ಬರೆಯುವುದೇ ದಂಡ.

ನಲ್ಲಿಯ ಹತ್ತಿರ ಇಬ್ಬರೂ ಡಬ್ಬಿ ತೊಳೆಯುತ್ತಿದ್ದೆವು. ಅವಳದು ತಿಂದ ಡಬ್ಬಿಯಲ್ಲ, ಹಾಗೇ ಇದ್ದ ಅನ್ನವನ್ನು ನಾಯಿಗೆ ಹಾಕಿ ತೊಳೆಯುತ್ತಿದ್ದಳು. ಮುಖ ಎತ್ತದೆ ಕೇಳಿದಳು. "ತಂಗಿ, ನಿನಗೆ ತೋಳು ಬರ್ತತೆ. ಕಾಲರೂ ನಾ ಕಲಿಸಿದ್ದೆ. ಕಫ್ ಏನು ಎರಡು ದಿನದ ಮಾತು. ಆ ಎರಡು ತಾಸು ನೀನು ಬಂದು ಕೂರ್ತೀಯೇನು? ನಿನ್ನ ಸಹಿ ಹಾಕಿದ್ರೆ ಸಾಹೇಬರು ಬ್ಯಾಡ ಅನ್ನಲ್ಲ."

ಕಣ್ಣ ಮುಂದೆ ಬಂದದ್ದು ಅಪ್ಪ. ಆಫೀಸಿನಲ್ಲಿದ್ದಾಳೆ ನನ್ನ ಮಗಳು ಎಂದು ಹೇಳಿಕೊಂಡು ತಿರುಗುವ ಅಪ್ಪ. ದೊಡ್ಡಪ್ಪ. ನಾನು ಮತ್ತೆ ಲೈನಿಗೆ ಕೂತರೆ ಹೆಂಗಸರು ಏನಂದಾರು, ಮ್ಯಾನೇಜರ್ ಇವಳನ್ನು ಅಲ್ಲೇ ಬಿಡೋಣ ಎಂದರೆ ಏನು ಗತಿ, ಎಲ್ಲ ಬಂತು. ಇಷ್ಟು ಕಷ್ಟಪಟ್ಟು ಎದ್ದ ಜಾಗಕ್ಕೆ ಮತ್ತೆ ಹೋಗಿ ಕೂರುವುದೇ ಎಂದುಕೊಂಡೆ. ಅಲ್ಲಿಂದ ಎಬ್ಬಿಸಿದವಳೇ ಕೇಳುತ್ತಿದ್ದಾಳೆ ಎಂಬುದು ಆ ಕ್ಷಣಕ್ಕೆ ನೆನಪಾಗಲಿಲ್ಲ.

"ನೋಡ್ತೀನಿ ಅಕ್ಕ. ಮುಂದಿನ ತಿಂಗಳು ಆಡಿಟ್ ಐತೆ. ಅದು ಮುಗೀಲಿ" ಎಂದೆ.

"ಹ್ಞೂಂ, ಆಡಿಟ್ ಇರ್ತತೆ" ಎಂದಳು. ಡಬ್ಬಿಯ ನೀರು ಕೊಡವಿದಳು. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅತ್ತೆಯ ಪಕ್ಕದಲ್ಲಿ ನೀರಿನ ತಂಬಿಗೆ, ಎರಡು ರೊಟ್ಟಿ, ಬಟನ್ ಫೋನು ಇಟ್ಟು, ಏಳಬೇಡ ಎಂದು ಹೇಳಿ ಬರುತ್ತಿದ್ದಳು. ನಮ್ಮ ಫೋನುಗಳನ್ನು ಗೇಟಿನಲ್ಲೇ ಕೊಟ್ಟು ಒಳಗೆ ಬರಬೇಕು. ಅದಕ್ಕೆ ಅತ್ತೆಗೆ ಆಫೀಸಿನ ನಂಬರು ಕೊಟ್ಟಿದ್ದಳು. ಅತ್ತೆ ದಿನವೂ ಫೋನು ಮಾಡುವಳು, ನಾನೇ ಎತ್ತುವೆ. "ನನ್ನ ಸೊಸಿ ಇವತ್ತು ಯಾರ ಜಾಗದಾಗೆ ಕುಂತಾಳೆ?" ಎಂದು ಕೇಳುವಳು. ಹೇಳುವೆ. "ಅವಳೇನು ಮನೀಗೆ ಹೋಗ್ಯಾಳಾ?" ಹೌದು ಎನ್ನುವೆ. "ಹೋಗ್ಲಿ, ಪಾಪ" ಎಂದು ಇಡುವಳು.

ಆಡಿಟ್‌ಗೆ ಇನ್ನೂ ಕೆಲವು ದಿನ ಇದ್ದಾಗ ಒಂದು ಮಧ್ಯಾಹ್ನ ಫೋನು ಬಂತು. ಈ ಸಲ ಆಕೆಯದಲ್ಲ, ಅವರ ಮನೆಯ ಎದುರಿನ ಅಂಗಡಿಯವರದು. ಮುದುಕಿ ಬಚ್ಚಲಿಗೆ ಹೋಗಲು ಎದ್ದು ಬಿದ್ದಿದ್ದಾಳೆ, ಕಾಲು ತಿರುಗಿದೆ, ಕೂಗಿದ್ದು ಕೇಳಿ ಬಾಗಿಲು ತೆಗೆದೆವು ಎಂದರು.

ಲೈನಿಗೆ ಓಡಿದೆ. ಅಕ್ಕ ಆ ಹೊತ್ತಿನಲ್ಲಿ ಕೂತಿದ್ದದ್ದು ಪಕ್ಕದ ಮನೆಯ ಹುಡುಗಿಯ ಮಷೀನಿಗೆ. ಹುಡುಗಿ ಕೂಸಿಗೆ ಹಾಲು ಕೊಡಲು ಹೋಗಿದ್ದಳು. ವಿಷಯ ಹೇಳಿದೆ. ಅಕ್ಕ ಸೂಜಿಯ ಕೆಳಗಿದ್ದ ಕಾಲರನ್ನು ಮುಗಿಸಿದಳು. ದಾರ ಕತ್ತರಿಸಿದಳು. ಮಷೀನಿನ ಕತ್ತಿನಿಂದ ಕೆಂಪು ದಾರ ಬಿಚ್ಚಿದಳು. ಎದ್ದು ಸ್ಟೂಲಿಗೆ ಗೇಣು ಹಾಕಿ, ಆ ಹುಡುಗಿಯ ಎತ್ತರಕ್ಕೆ ಏರಿಸಿದಳು. ಗೇಣು ತಪ್ಪಿತು, ಎರಡನೇ ಸಲ ಅಳೆದಳು. ಆಮೇಲೆ ಹೋದಳು.

ಖಾಲಿ ಮಷೀನಿಗೆ ನಾನು ಕೂತೆ. ಹುಡುಗಿ ಬಂದ ಮೇಲೆ ಇನ್ನೊಂದಕ್ಕೆ, ಆಮೇಲೆ ಮತ್ತೊಂದಕ್ಕೆ, ಸಂಜೆಯವರೆಗೂ ಕೂತೆ. ನನ್ನ ಕಾಲರುಗಳು ಸೊಟ್ಟ ಬಂದವು, ಚೆಕಿಂಗ್‌ನವರು ಹಿಂದಕ್ಕೆ ಕಳಿಸಿದರು, ಬಿಚ್ಚಿ ಮತ್ತೆ ಹೊಲಿದೆ. ಯಾರೂ ನಗಲಿಲ್ಲ. ಮ್ಯಾನೇಜರ್ ಬಂದು ನೋಡಿ ಹೋದರು. ಸಂಜೆ ಆಫೀಸಿಗೆ ಹೋದರೆ ನನ್ನ ಕುರ್ಚಿ ಇಟ್ಟಲ್ಲೇ ಇತ್ತು. ಯಾರೂ ಅದನ್ನು ಎತ್ತಿಕೊಂಡು ಹೋಗಿರಲಿಲ್ಲ.

ಅತ್ತೆಯ ಸೊಂಟದ ಮೂಳೆ ಮುರಿದಿತ್ತು. ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ತಂದರು. ಇನ್ನು ಹಾಸಿಗೆಯೇ ಎಂದಿದ್ದರು. ಇನ್ನು ಎರಡು ತಾಸಿನ ಮಾತಿರಲಿಲ್ಲ, ಇಡೀ ದಿನ ಒಬ್ಬರು ಬೇಕು. ನಾನು ನನ್ನ ಸಹಿ ಹಾಕಿದ ಅರ್ಜಿ ತೆಗೆದುಕೊಂಡು ಹೋಗುವ ಹೊತ್ತಿಗೆ ಅಕ್ಕ ಕೆಲಸ ಬಿಡುವ ಕಾಗದ ಕಳಿಸಿಯಾಗಿತ್ತು. ಅವಳ ಜಾಗಕ್ಕೆ ಹತ್ತೇ ದಿನದಲ್ಲಿ ಆಳು ತೆಗೆದುಕೊಂಡರು. ಒಬ್ಬರು ಸಾಕಾಗಲಿಲ್ಲ, ಇಬ್ಬರನ್ನು. ಮೇಲಿನವರು ಒಂದು ಮಾತೂ ಕೇಳಲಿಲ್ಲ.

ಕೆಲಸ ಬಿಟ್ಟವರಿಗೆ ಸೇವಾ ಪ್ರಮಾಣಪತ್ರ ಕೊಡುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಒಂದು ನಮೂನೆ ಇರುತ್ತದೆ, ಹೆಸರು ಮತ್ತು ತಾರೀಖು ಬದಲಾಯಿಸಿದರೆ ಮುಗಿಯಿತು. ಅವಳದನ್ನು ಗಟ್ಟಿ ಕಾಗದದಲ್ಲಿ ಅಚ್ಚು ಹಾಕಿಸಿ, ಮ್ಯಾನೇಜರ್ ಸಹಿ ಪಡೆದು, ಭಾನುವಾರ ಬಸವಾಪಟ್ಟಣಕ್ಕೆ ಹೋದೆ.

ಒಂದೇ ಕೋಣೆ. ಮುದುಕಿ ಮಂಚದ ಮೇಲೆ ಅಂಗಾತ ಮಲಗಿದ್ದಳು. ಇಷ್ಟು ದಿನ ಫೋನಿನಲ್ಲಿ ಮಾತಾಡಿದವಳನ್ನು ನೋಡಿದ್ದು ಅದೇ ಮೊದಲು. ಅಕ್ಕ ಅವಳ ಮಗ್ಗುಲು ಬದಲಿಸುತ್ತಿದ್ದಳು. ನನ್ನನ್ನು ನೋಡಿ, "ಬಾ ತಂಗಿ, ಕುಂತ್ಕೋ" ಎಂದಳು. ಕೂರಲು ಇದ್ದದ್ದು ಒಂದು ಸ್ಟೂಲು.

"ನಮ್ಮ ಜಾಗದಾಗೆ ಯಾರು ಕುಂತಾರೆ ಈಗ?" ಎಂದು ಅಕ್ಕ ಕೇಳಿದಳು. ನಮ್ಮ ಜಾಗ ಎಂದು ಅವಳ ಬಾಯಲ್ಲಿ ಕೇಳಿದ್ದು ಅದೊಂದೇ ಸಲ.

ಸುಳ್ಳು ಹೇಳೋಣ ಎನ್ನಿಸಿತು. "ಇಬ್ಬರು" ಎಂದೆ.

"ಇಬ್ಬರಾ?" ಅಕ್ಕ ನಕ್ಕಳು. "ಹಂಗಾರೆ ನಾ ಅಷ್ಟೇನೂ ಕೆಟ್ಟದಾಗಿ ಮಾಡ್ತಿರ್ಲಿಲ್ಲ ಬಿಡು."

"ಅಕ್ಕ, ಅವತ್ತು ನಲ್ಲಿ ಹತ್ರ ನಾನು..." ಎಂದು ಶುರು ಮಾಡಿದೆ. ಅವಳು ಕೈ ಅಡ್ಡ ಮಾಡಿ, "ನಿಂಗೆ ಚಾ ಇಡ್ತೀನಿ ಇರು" ಎಂದು ಒಲೆಯ ಕಡೆ ತಿರುಗಿದಳು. ಮುದುಕಿ "ನೀರು" ಎಂದಳು. ಅಕ್ಕ ಪಾತ್ರೆ ಕೆಳಗಿಟ್ಟು ಬಂದಳು. ಕುಡಿಸಿ ಮತ್ತೆ ಒಲೆಗೆ ಹೋದಳು. "ಬೆನ್ನು" ಎಂದಳು ಮುದುಕಿ. ಮತ್ತೆ ಬಂದಳು. ಚಾ ಆಗುವುದರೊಳಗೆ ಆರು ಸಲ ಬಂದು ಹೋದಳು. ನಾನು ಏಳಲು ಹೋದರೆ, "ನೀ ಕುಂತಿರು, ನಿನಗೆ ಇವರ ಕೈ ಗೊತ್ತಾಗಲ್ಲ" ಎಂದಳು.

ಪ್ರಮಾಣಪತ್ರ ತೆಗೆದು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬೆರಳಿಟ್ಟು ತನ್ನ ಹೆಸರು ಹುಡುಕಿ, ಅಲ್ಲೇ ಸ್ವಲ್ಪ ಹೊತ್ತು ಬೆರಳು ಇಟ್ಟುಕೊಂಡಳು. ಆಮೇಲೆ ನನಗೇ ಕೊಟ್ಟು, "ಓದಿ ಹೇಳು, ಅತ್ತೆನೂ ಕೇಳ್ಲಿ" ಎಂದಳು.

ಓದಿದೆ. ಇಷ್ಟು ವರ್ಷ ನಮ್ಮಲ್ಲಿ ಕೆಲಸ ಮಾಡಿರುತ್ತಾರೆ. ಎಲ್ಲ ವಿಭಾಗದ ಹೊಲಿಗೆಯಲ್ಲಿ ನಿಪುಣರು. ನಡತೆ ಉತ್ತಮವಾಗಿರುತ್ತದೆ. ಕೊನೆಯ ಸಾಲು ಎಲ್ಲರ ಪ್ರಮಾಣಪತ್ರದಲ್ಲೂ ಇರುವಂಥದೇ, ನಾನು ಬದಲಿಸಿರಲಿಲ್ಲ. ಬದಲಿಸಬೇಕೆಂದು ಹೊಳೆದೂ ಇರಲಿಲ್ಲ. ಓದುವಾಗ ಧ್ವನಿ ಇಳಿಯಿತು. "ಇವರು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ."

ಅಕ್ಕ ಅದನ್ನು ಕೇಳಿದಳೋ ಇಲ್ಲವೋ. ಚಾ ಸೋಸುತ್ತಿದ್ದಳು. ಮುದುಕಿ ಸೂರಿನಿಂದ ಕಣ್ಣು ತೆಗೆದು ಕತ್ತು ನನ್ನ ಕಡೆ ಹೊರಳಿಸಿದಳು. ಫೋನಿನಲ್ಲಿ ಕೇಳುತ್ತಿದ್ದ ಅದೇ ಗಟ್ಟಿ ಧ್ವನಿ.

"ಇಚ್ಛೆ ಅಂತ ಬರ್ದೀಯಲ್ಲವ್ವ. ಬಿಡಾಕೆ ಇವಳಿಗೆ ಇಚ್ಛೆ ಇರ್ಲಿಲ್ಲ. ಬೀಳಾಕೆ ನನಗೂ ಇಚ್ಛೆ ಇರ್ಲಿಲ್ಲ. ಮತ್ತೆ ಇದು ಯಾರ್ದು?"